ದೋಷವಿದ್ದಲ್ಲೆಲ್ಲ ದೋಷಿ ಇರಲೇಬೇಕೆ?

ಯಂತ್ರ ಕೆಟ್ಟರೂ ದೋಷ, ಮನುಷ್ಯ ತಪ್ಪಿ ನಡೆದರೂ ದೋಷ. ಕನ್ನಡದಲ್ಲಿ ಒಂದೇ ಪದ ಎರಡೂ ಕಡೆ ಸಲ್ಲುವುದರಿಂದಲೋ ಏನೋ, ದೋಷ ಕಂಡ ಕೂಡಲೇ ನಾವು ದೋಷಿಯನ್ನು ಹುಡುಕುತ್ತೇವೆ. ಈ ಅಭ್ಯಾಸ ಎಷ್ಟು ಸರಿ? ಹಳೆಯ ವಾಲ್ವ್ ಆಂಪ್ಲಿಫೈಯರ್ ಒಂದರ ರಿಪೇರಿ ಈ ಪ್ರಶ್ನೆಯನ್ನು ಸ್ಪಷ್ಟಗೊಳಿಸುತ್ತದೆ.

ಅಮೆರಿಕದ ಡೈನಾಕೊ ಕಂಪನಿ 1959ರಲ್ಲಿ 'ಸ್ಟೀರಿಯೊ 70' ಆಂಪ್ಲಿಫೈಯರ್ ತಂದಿತು. ಪ್ರತಿ ಚಾನೆಲ್‌ಗೆ 35 ವಾಟ್; ಕಿಟ್ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. ಇಂದಿಗೂ ಹಾಡುತ್ತಿರುವ ಈ ಯಂತ್ರ ಒಮ್ಮೆ ಮೌನವಾದರೆ ಮೊದಲು ಕಣ್ಣಿಗೆ ಬೀಳುವುದು ಸುಟ್ಟ ಫ್ಯೂಸ್. ಅವಸರದವರು ಅದರ ಜಾಗಕ್ಕೆ ಇನ್ನೂ ದಪ್ಪನೆಯದನ್ನು ಹಾಕುತ್ತಾರೆ. ಆಗ ರೆಕ್ಟಿಫೈಯರ್ ವಾಲ್ವ್ ಹೋಗಬಹುದು, ಟ್ರಾನ್ಸ್‌ಫಾರ್ಮರೇ ಸುಡಬಹುದು.

ಎರಡನೆಯ ಅನುಮಾನ ಕೆಂಪಗೆ ಕಾದ ಇಎಲ್34 ವಾಲ್ವ್ ಮೇಲೆ. ಅದನ್ನು ಹದ್ದುಬಸ್ತಿನಲ್ಲಿಡಲು ಗ್ರಿಡ್‌ಗೆ ಋಣ ವೋಲ್ಟೇಜ್ ಬೇಕು. ಅದನ್ನು ಒದಗಿಸುವುದು ಒಳಗಿರುವ ಪುಟ್ಟ ಸೆಲೆನಿಯಂ ರೆಕ್ಟಿಫೈಯರ್ ಮತ್ತು ಅದರ ಜೊತೆಗಿನ ಕೆಪಾಸಿಟರ್‌ಗಳು. ವಯಸ್ಸಾದಂತೆ ಇವು ಸೊರಗುತ್ತವೆ, ಕಡಿವಾಣ ಸಡಿಲಗೊಳ್ಳುತ್ತದೆ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಕೊನೆಗೆ ಫ್ಯೂಸ್ ಸುಡುತ್ತದೆ.

ಹಾಗೆಂದು ವಾಲ್ವ್ ನಿರಪರಾಧಿ ಎಂದು ಮೊದಲೇ ತೀರ್ಪು ಕೊಡುವಂತಿಲ್ಲ. ಬಲ್ಲವರು ನಾಲ್ಕೂ ಇಎಲ್34ಗಳನ್ನು ತೆಗೆದು, ಪ್ರತಿ ಸಾಕೆಟ್ಟಿನ 5ನೆಯ ಪಿನ್ನಿನಲ್ಲಿ ವೋಲ್ಟೇಜ್ ಅಳೆಯುತ್ತಾರೆ. ನಾಲ್ಕರಲ್ಲೂ ಕಡಿಮೆಯಿದ್ದರೆ ಅನುಮಾನ ಬಯಾಸ್ ಪೂರೈಕೆಯ ಮೇಲೆ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಸೋರುವ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಎಲ್ಲ ಸರಿಯಿದ್ದರೆ ವಾಲ್ವ್ ಮೇಲೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ಇದು ಕೈ ಸುಡುವ, ಜೀವಕ್ಕೂ ಎರವಾಗಬಲ್ಲ ವಿಚಾರಣೆ.

ಕೊನೆಗೆ ಸೆಲೆನಿಯಂ ರೆಕ್ಟಿಫೈಯರ್ ಸಿಕ್ಕಿಬಿತ್ತು ಎನ್ನೋಣ. ಅದನ್ನು ದೋಷಿ ಎನ್ನಬಹುದೆ? ಅದಕ್ಕೆ ವಯಸ್ಸಾಯಿತು, ಅಷ್ಟೆ. ಕಾರಣಗಳ ಸರಪಳಿಯ ತುದಿ ಮುಟ್ಟಿದರೂ ಅಲ್ಲಿ ಅಪರಾಧಿ ಇಲ್ಲ. ಹಾಗಾದರೆ ಯಾರೂ ಹೊಣೆಯಲ್ಲವೆ? ಒಬ್ಬರಿದ್ದಾರೆ. ಒಳಗೆ ಏನೋ ಕೆಟ್ಟಿದೆ ಎಂದು ತಿಳಿದೂ ದಪ್ಪ ಫ್ಯೂಸ್ ಹಾಕಿದವರು. ಆಯ್ಕೆ ಇದ್ದದ್ದು ಅವರಿಗೆ ಮಾತ್ರ.

ಪಿಎಚ್‌ಡಿಯನ್ನು ಅರ್ಧಕ್ಕೆ ಬಿಟ್ಟು ಹೋದವರ ಬಗ್ಗೆ ಕ್ಯಾಂಪಸ್‌ಗಳಲ್ಲಿ ಕೇಳಿಬರುವ ಮಾತು ಒಂದೇ: "ಅವನಿಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ." ಮನೆಯಲ್ಲಿ ಮೊದಲು ಕುಸಿದವಳ ಬಗ್ಗೆಯೂ ಅದೇ ಮಾತು. ಒತ್ತಡ ಎಲ್ಲಿಂದ ಬಂತೆಂದು ಅಳೆಯದೆ, ಹೆಚ್ಚು ತಾಳಿಕೊಳ್ಳಬಲ್ಲ ಇನ್ನೊಬ್ಬರನ್ನು ಅಲ್ಲಿ ತಂದು ಕೂರಿಸುತ್ತೇವೆ. ಇದು ದಪ್ಪ ಫ್ಯೂಸಿನ ನ್ಯಾಯ.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಫ್ಯೂಸನ್ನು ಮಾಡಿರುವುದೇ ಸುಡಲಿಕ್ಕೆ, ಅದು ಅಂಗಡಿಯಲ್ಲಿ ಸಿಗುತ್ತದೆ. ಮನುಷ್ಯರು ಹಾಗಲ್ಲ. ಅದಕ್ಕೇ ಯಂತ್ರದ ಮುಂದೆ ತೋರುವ ತಾಳ್ಮೆಯ ಅರ್ಧದಷ್ಟನ್ನಾದರೂ ಕುಸಿದವರ ಮುಂದೆ ತೋರಬೇಕು: ತೀರ್ಪಿಗೆ ಮೊದಲು ಮೀಟರ್ ಹಿಡಿಯಬೇಕು.