ಈಚಲ ಮರದಡಿಯ ಮಜ್ಜಿಗೆ

‘ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದ ಹಾಗೆ.’

ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವಾಗ ಬಳಸುವ ಗಾದೆ ಇದು. ನೀನು ಕುಡಿದದ್ದು ಮಜ್ಜಿಗೆಯೇ ಇರಬಹುದು, ನೋಡಿದವರು ಹೆಂಡ ಅಂತಲೇ ಅನ್ನುತ್ತಾರೆ. ಕೂರುವ ಮುಂಚೆ ಜಾಗ ನೋಡಿಕೋ ಎಂಬುದು ತಾತ್ಪರ್ಯ. ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗ ನಾನು ಬರೆದದ್ದೂ ಇಷ್ಟೇ: ಅಪವಾದಕ್ಕೆ ಎಡೆ ಕೊಡಬಾರದು, ಸಜ್ಜನರ ಸಹವಾಸ ಮಾಡಬೇಕು. ಈ ಮಾತಿನೊಳಗೆ ಅದಕ್ಕಿಂತ ಆಳವಾದ ತಿಳಿವಳಿಕೆ ಇದೆ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ, ಕುಡಿತ ಬಿಟ್ಟ ಮೊದಲ ವರ್ಷದಲ್ಲಿ.

ಮೊದಲು ಮರವನ್ನೇ ನೋಡೋಣ. ಬಯಲುಸೀಮೆಯ ಹಳ್ಳದ ದಂಡೆಗಳಲ್ಲಿ, ಕೆರೆಯ ಹಿಂದೆ ತಾನಾಗಿ ಬೆಳೆಯುವ ಮರ ಈಚಲು. ಸಂಜೆ ಮರ ಹತ್ತಿ, ಸುಳಿಯ ಹತ್ತಿರ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತದೆ. ಬೆಳಕು ಹರಿಯುವ ಮುಂಚೆ ಇಳಿಸಿದರೆ ಸಿಹಿ. ಮಡಕೆಯೊಳಗೆ ಸುಣ್ಣ ಬಳಿದು ಹುಳಿಯದಂತೆ ಕಾಯ್ದುಕೊಂಡರೆ ಅದೇ ನೀರಾ. ಸುಮ್ಮನೆ ಬಿಟ್ಟರೆ ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟ್ ಸಕ್ಕರೆಯನ್ನು ತಿನ್ನುತ್ತಾ ಹೋಗುತ್ತದೆ. ಬಿಸಿಲೇರುವಷ್ಟರಲ್ಲಿ ನೊರೆಯೆದ್ದ ಹೆಂಡ. ಬಣ್ಣ ಮಾಸಲು ಬಿಳಿ, ರುಚಿ ಹುಳಿ. ಲೋಟಕ್ಕೆ ಸುರಿದರೆ ದೂರದಿಂದ ನೋಡಿದವರಿಗೆ ಮಜ್ಜಿಗೆಯಂತೆಯೇ ಕಾಣುತ್ತದೆ. ಗಾದೆ ಕಟ್ಟಿದವರು ನೀರನ್ನೋ ಪಾನಕವನ್ನೋ ಹೇಳದೆ ಮಜ್ಜಿಗೆಯನ್ನೇ ಹೇಳಿದ್ದು ಸುಮ್ಮನೆ ಅಲ್ಲ.

ಚಟವೂ ಹೀಗೇ ಹುಳಿಯುತ್ತದೆ. ಮುಂಜಾನೆಯ ಸಿಹಿ ಯಾವ ಗಳಿಗೆಯಲ್ಲಿ ಹೆಂಡವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಒಂದು ಬಿಯರ್ ನನಗೆ ಶನಿವಾರದ ಅಭ್ಯಾಸವಾಯಿತು. ಆಮೇಲೆ ಕೆಲಸ ಮುಗಿದ ಪ್ರತಿ ಸಂಜೆಗೆ ಒಂದು ನೈಂಟಿ, ಅದು ಸಾಲದೆ ಕ್ವಾರ್ಟರ್. ಪ್ರತಿ ಹಂತದಲ್ಲೂ ನಾನು ಕುಡಿಯುತ್ತಿರುವುದು ಮಜ್ಜಿಗೆಯೇ ಎಂದು ನಂಬಿದ್ದೆ. ಗಾದೆಯಲ್ಲಿ ಊರಿನವರು ಮಜ್ಜಿಗೆಯನ್ನು ಹೆಂಡ ಎಂದು ತಪ್ಪು ತಿಳಿಯುತ್ತಾರೆ. ಕುಡಿಯುವವನು ಹೆಂಡವನ್ನು ಮಜ್ಜಿಗೆ ಎಂದು ತಪ್ಪು ತಿಳಿಯುತ್ತಾನೆ. ಈ ಎರಡನೆಯ ತಪ್ಪು ಹೆಚ್ಚು ದುಬಾರಿ.

ಈ ಭ್ರಮೆ ಒಡೆಯಲು ವೈದ್ಯರು ಕೇಳುವ ನಾಲ್ಕು ಸಣ್ಣ ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಎಂದು ನಿಮಗೇ ಅನ್ನಿಸಿದೆಯೇ? ಯಾರಾದರೂ ನಿಮ್ಮ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಒಳಗೊಳಗೇ ತಪ್ಪಿತಸ್ಥ ಭಾವ ಕಾಡಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಬೇಕೆನ್ನಿಸಿದೆಯೇ? ಎರಡಕ್ಕೆ ಹೌದು ಎಂದರೂ ನಿಂತು ಯೋಚಿಸಬೇಕು ಎನ್ನುತ್ತಾರೆ. ನನಗೆ ಮೂರಕ್ಕೆ ಹೌದು ಎನ್ನಬೇಕಾಯಿತು. ‘ನಾನು ಮಿತವಾಗಿ ಕುಡಿಯುವವನು, ನನಗೇನಾಗುತ್ತದೆ’ ಎನ್ನುವವರೂ ತಿಳಿದಿರಬೇಕಾದ ಮಾತೊಂದಿದೆ: ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಗಾದೆಯ ನಡುವಿನ ಮಾತು: ‘ಕೆಳಗೆ ಕೂತು’. ಇಡೀ ಗಾದೆಯ ಭಾರವೆಲ್ಲ ಇರುವುದು ಇಲ್ಲಿ.

ಬಿಟ್ಟು ಮೂರು ವಾರವಾಗಿತ್ತು. ಗೆಳೆಯರು ಕರೆದರು. ‘ನೀನು ಕುಡೀಬೇಡ ಮಾರಾಯ, ಸುಮ್ನೆ ಕಂಪನಿ ಕೊಡು’ ಅಂದರು. ಹೋದೆ. ಅದೇ ಬಾರು, ಅದೇ ಮೂಲೆಯ ಟೇಬಲ್ಲು, ಅದೇ ಕಡಲೆಕಾಯಿ ಮಸಾಲೆಯ ತಟ್ಟೆ. ನನ್ನ ಮುಂದೆ ಲೈಮ್ ಸೋಡ. ಎದುರಿನವನು ಬಾಟಲಿಯ ಮುಚ್ಚಳ ತಿರುಗಿಸಿದಾಗ ಬಂದ ಕಟಕ್ ಸದ್ದಿಗೆ ನನ್ನ ಬಾಯಲ್ಲಿ ನೀರೂರಿತು. ಮನಸ್ಸು ಬೇಡ ಎಂದು ನಿರ್ಧರಿಸಿ ಇಪ್ಪತ್ತು ದಿನ ಕಳೆದಿದ್ದರೂ ನಾಲಗೆಗೆ, ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ. ಎರಡು ಗಂಟೆ ಕಾಲ ಲೋಟವನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ಅಂದು ಕುಡಿಯಲಿಲ್ಲ. ಆದರೆ ಆ ಎರಡು ಗಂಟೆಗೆ ಖರ್ಚಾದ ಬಲ ಹಿಂದಿನ ಇಪ್ಪತ್ತು ದಿನಕ್ಕೂ ಖರ್ಚಾಗಿರಲಿಲ್ಲ.

ಮನೆಗೆ ಬಂದಾಗ ಹನ್ನೊಂದು. ಅಮ್ಮ ಎದ್ದೇ ಇದ್ದಳು. ಬಾಗಿಲಲ್ಲಿ ನಾನು ಚಪ್ಪಲಿ ಬಿಡುವ ಸದ್ದಿನಿಂದಲೇ ಅಂದಿನ ಸ್ಥಿತಿ ಅಳೆಯುವುದು ಅವಳಿಗೆ ವರ್ಷಗಳಿಂದ ರೂಢಿ. ಹತ್ತಿರ ಬಂದಳು, ಅಂಗಿಯಲ್ಲಿ ಬಾರಿನ ಹೊಗೆ, ಘಾಟು. ‘ಕುಡಿದಿಲ್ಲ ಅಮ್ಮಾ’ ಅಂದೆ. ಅವಳು ಹೇಳಿದ್ದು ಇಷ್ಟು: ‘ನಂಬ್ತೀನಿ ಕಣಪ್ಪಾ. ಆದ್ರೆ ಅಲ್ಲಿಗ್ಯಾಕೆ ಹೋಗಿದ್ದೆ?’

ಊರಿನವರು ಏನೆಂದುಕೊಂಡಾರು ಎಂಬ ಚಿಂತೆ ಆ ಮಾತಿನಲ್ಲಿ ಇರಲಿಲ್ಲ. ಮರದ ಕೆಳಗೆ ಕೂತವನು ಎಷ್ಟು ದಿನ ಮಜ್ಜಿಗೆ ಕುಡಿದಾನು ಎಂಬ ತಾಯಿಯ ಭಯ ಇತ್ತು. ಗಾದೆಯ ನಿಜವಾದ ಅರ್ಥ ನನಗೆ ಹೊಳೆದದ್ದು ಆಗ. ಕುಡಿತ ಬಿಡುವುದೆಂದರೆ ಲೋಟದೊಳಗಿನದನ್ನು ಬದಲಿಸುವುದಷ್ಟೇ ಅಲ್ಲ, ಮರದ ನೆರಳು ಬಿಟ್ಟು ಏಳಬೇಕು.

ಮರದಡಿ ಕೂತೂ ಕೆಡದವರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ. 12ನೇ ಶತಮಾನದ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದಲ್ಲಿದ್ದುಕೊಂಡೇ ಶರಣರಾದರು. ರತ್ನ ಎಂಬ ಕುಡುಕ ಪಾತ್ರದ ಒಳಗನ್ನು ಹೊಕ್ಕು ಪದ ಕಟ್ಟಿದ ಕವಿ ಜಿ.ಪಿ. ರಾಜರತ್ನಂ ಸ್ವತಃ ಹೆಂಡ ಮುಟ್ಟಿದವರಲ್ಲ. ಆದರೆ ಆ ಸ್ಥಿತಿಯೇ ಬೇರೆ, ಆ ಮರದ ರುಚಿ ಮೈಗೆ ಹತ್ತಿದವನ ಸ್ಥಿತಿಯೇ ಬೇರೆ. ಹತ್ತಿದವನಿಗೆ ನೆರಳೂ ಕರೆಯುತ್ತದೆ.

ಜಾಗ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಡುವೆಯೇ ಪುರಾವೆಯಿದೆ. ಅಯ್ಯಪ್ಪ ಮಾಲೆ ಹಾಕಿದವರನ್ನು ನೋಡಿ. ದಿನಾ ಕುಡಿಯುತ್ತಿದ್ದವರು ನಲವತ್ತೊಂದು ದಿನ ಹನಿ ಮುಟ್ಟುವುದಿಲ್ಲ. ಭಕ್ತಿಯ ಬಲ ಇದ್ದೇ ಇದೆ. ಅದರ ಜೊತೆಗೆ ಇಡೀ ದಿನಚರಿಯೇ ಬದಲಾಗಿರುತ್ತದೆ. ನಸುಕಿಗೆ ತಣ್ಣೀರ ಸ್ನಾನ, ಕಪ್ಪು ಬಟ್ಟೆ, ಸಂಜೆಗೆ ಭಜನೆ. ನಿನ್ನೆಯವರೆಗೆ ‘ಲೇ’ ಅನ್ನುತ್ತಿದ್ದವರು ಇಂದು ‘ಸ್ವಾಮಿ’ ಅನ್ನುತ್ತಾರೆ. ಎಷ್ಟೇ ಸಲುಗೆಯ ಗೆಳೆಯನಾದರೂ ‘ಒಂದೇ ಒಂದು ಹಾಕು’ ಎಂದು ಒತ್ತಾಯಿಸುವುದಿಲ್ಲ. ಮಾಲೆ ತೆಗೆದ ವಾರದಲ್ಲೇ ಎಷ್ಟೋ ಜನ ಮತ್ತೆ ಹಳೆಯ ಟೇಬಲ್ಲಿಗೆ ಮರಳುತ್ತಾರೆ ಎಂಬುದೂ ನಿಜ. ಮಾಲೆಯೊಂದಿಗೆ ಆ ನಸುಕು, ಆ ಸಂಜೆ, ಆ ಗೌರವ ಎಲ್ಲವೂ ಕಳಚಿಹೋಗಿರುತ್ತವೆ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಲ್ಲೂ ಇದೇ ತಿಳಿವು ಕೆಲಸ ಮಾಡುತ್ತದೆ: ಮೊದಲು ಕೆಲವು ದಿನ ಮನೆ, ಪೇಟೆಗಳಿಂದ ಬೇರೆಯಾಗಿ ಇರಿಸಿಕೊಳ್ಳುವುದು, ಆಮೇಲೆ ಬಿಟ್ಟವರೆಲ್ಲ ಒಟ್ಟು ಸೇರಲು ನವಜೀವನ ಸಮಿತಿ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ನಮ್ಮ ಊರುಗಳಲ್ಲೂ ಇದೆ. ಬಾರಿಗೆ ಹೋಗುತ್ತಿದ್ದ ಹೊತ್ತಿಗೆ ಇನ್ನೊಂದು ಕಡೆ ಹೋಗಿ ಕೂರಲು ಅಲ್ಲೊಂದು ಕುರ್ಚಿ ಸಿಗುತ್ತದೆ.

ಮರವನ್ನೇ ಕಡಿದರೆ ಹೇಗೆ ಎಂಬ ಪ್ರಶ್ನೆಯೂ ಹಳೆಯದು. ಪಾನನಿರೋಧ ತರಲು ಸರ್ಕಾರ ಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ಬಾಟಲಿ ಬಂದು ಕೂತಿತು. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಬಂದರು. ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಬಾಟಲಿ ಸಿಗುವಾಗ ಗಂಡನಿಗೆ ಏಳು ಎಂದರೆ ಎಲ್ಲಿಗೆ ಏಳಬೇಕು ಎಂಬ ಅವರ ಸಂಕಟ ನ್ಯಾಯವಾದದ್ದು. ಅದಕ್ಕೆ ಸರ್ಕಾರವೇ ಉತ್ತರ ಕೊಡಬೇಕು.

ಬಿಡಬೇಕೆಂದು ನಿರ್ಧರಿಸಿದವರಿಗೆ ಒಂದು ಎಚ್ಚರಿಕೆಯ ಮಾತು. ವರ್ಷಗಳಿಂದ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವ ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಹಟಕ್ಕೆ ಬಿದ್ದು ಒಬ್ಬರೇ ಮನೆಯಲ್ಲಿ ಕೂರದೆ ವೈದ್ಯರ ಕಣ್ಣೆದುರಿನಲ್ಲೇ ಬಿಡಿ. ಜಿಲ್ಲಾ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. 14416ಕ್ಕೆ ಕರೆ ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಗಾದೆಯಲ್ಲಿ ಉಳಿದಿರುವುದು, ಬಾಯಿಬಿಟ್ಟು ಹೇಳದ ಒಂದು ಪಾತ್ರ: ನೋಡುವವರು. ಈ ಗಾದೆ ಕುಡಿದವನಿಗೆ ಬುದ್ಧಿ ಹೇಳುತ್ತಾ ಬಂದಿದೆ, ನೋಡುವವರಿಗೆ ಹೇಳಿದ್ದು ಕಡಿಮೆ. ‘ಬಿಟ್ಟಿದ್ದೀನಿ’ ಎಂದವನ ಮುಂದೆ ‘ಎಷ್ಟು ದಿನ ಅಂತ ನೋಡ್ತೀವಿ’ ಎಂದರೆ ಅವನನ್ನು ಮತ್ತೆ ಅದೇ ಮರದಡಿಗೆ ತಳ್ಳಿದಂತೆ. ಹೇಗೂ ನಂಬುವುದಿಲ್ಲ, ಕುಡಿದೇ ಬಿಡೋಣ ಎನ್ನಿಸುವ ಆ ಗಳಿಗೆ ನನಗೆ ಗೊತ್ತು. ಮಾಲೆ ಕಂಡಾಗ ನಾವು ತೋರಿಸುವ ಗೌರವವನ್ನು ಮಾಲೆಯಿಲ್ಲದವನ ‘ಬೇಡ’ಕ್ಕೂ ತೋರಿಸಬೇಕು.

ಅಮ್ಮ ನನ್ನನ್ನು ಪೂರ್ತಿ ನಂಬಲು ಒಂದು ವರ್ಷವೇ ಹಿಡಿಯಿತು. ಕೆಲಸದಿಂದ ತಡವಾಗಿ ಬಂದ ಒಂದು ರಾತ್ರಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಅವಳ ಕೋಣೆಯ ದೀಪ ಆರಿತ್ತು. ಕಾಯದೆ ಮಲಗಿದ್ದಳು. ಅಡುಗೆಮನೆಯಲ್ಲಿ ಅನ್ನದ ಪಕ್ಕ, ತಟ್ಟೆ ಮುಚ್ಚಿಟ್ಟ ಮಜ್ಜಿಗೆ ಇತ್ತು. ನಮ್ಮ ಮನೆಯ ಸೂರಿನ ಕೆಳಗೆ ಅದನ್ನು ಯಾರೂ ಬೇರೇನೋ ಅಂದುಕೊಳ್ಳುವಂತಿರಲಿಲ್ಲ.