ಗಣಿಯೂರಿನ ಬೌದ್ಧರು ಮತ್ತು ಕೇಂದ್ರವಿಲ್ಲದ ಕಲಿಕೆ

ಗುರುವಿಲ್ಲದೆ ಅರಿವು ಸಾಧ್ಯವೇ? ಈ ದೇಶದ ಮತಪಂಥಗಳಲ್ಲಿ ಬಹುಪಾಲು ಇಲ್ಲವೆಂದೇ ಹೇಳುತ್ತ ಬಂದಿವೆ. ಗುರು, ಅವನ ಗುರು, ಅವರೆಲ್ಲರಿಗೂ ಹಿಂದಿನ ಮೂಲಪುರುಷ: ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಕೊಂಬೆಗೆ ಏರುವ ಮರದ ಹಾಗೆ ವಿದ್ಯೆ ಸಾಗಬೇಕು. ಫ್ರಾನ್ಸಿನ ಚಿಂತಕರಾದ ಡೆಲೂಜ್ ಮತ್ತು ಗ್ವಟ್ಟಾರಿ 1980ರಲ್ಲಿ ಈ ಮರದ ಕಲ್ಪನೆಯನ್ನೇ ಪ್ರಶ್ನಿಸಿದರು. ಶುಂಠಿಯಂತೆ ನೆಲದೊಳಗೆ ಅಡ್ಡಡ್ಡ ಹಬ್ಬುವ ರೈಜೋಮ್‌ಗೆ ತಾಯಿಬೇರೂ ಇಲ್ಲ, ತುದಿಯೂ ಇಲ್ಲ. ಎಲ್ಲಿ ಮುರಿದರೂ ಅಲ್ಲಿಂದಲೇ ಚಿಗುರುತ್ತದೆ. ಅರಿವೂ ಹಾಗೆ ಹಬ್ಬಬಲ್ಲದು ಎಂಬುದು ಅವರ ವಾದ.

ಕೆನಡಾದ ಶಿಕ್ಷಕ ಡೇವ್ ಕಾರ್ಮಿಯರ್ 2008ರಲ್ಲಿ ಈ ವಿಚಾರವನ್ನು ತರಗತಿಗೆ ತಂದರು. ಕಲಿಯುವ ಸಮುದಾಯವೇ ಪಠ್ಯಕ್ರಮ ಎಂದರು. ಅದೇ ವರ್ಷ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಒಂದು ಕೋರ್ಸನ್ನು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಶುಲ್ಕ ಕಟ್ಟಿದ ಸುಮಾರು 25 ಜನರ ಜೊತೆ ಸುಮಾರು 2,200 ಜನ ಉಚಿತವಾಗಿ ಸೇರಿಕೊಂಡರು. 2014ರಲ್ಲಿ ಕಾರ್ಮಿಯರ್ ನಡೆಸಿದ ‘ರೈಜೋ14’ ಕೋರ್ಸಿನ ಒಂದು ವಾರದ ಚರ್ಚೆಯ ವಿಷಯವೇ, ಸ್ವಾತಂತ್ರ್ಯವನ್ನು ಹೇರುವುದು. ನೀನೇ ಯೋಚಿಸು ಎಂದು ಗುರು ಅಪ್ಪಣೆ ಕೊಟ್ಟರೆ ಶಿಷ್ಯ ಪಾಲಿಸಬೇಕೇ, ಬೇಡವೇ?

ಈ ತೊಡಕು ಬುದ್ಧನ ಕಾಲದ್ದು. ಕೇಸಪುತ್ತದ ಕಾಲಾಮರು ತಮ್ಮೂರಿಗೆ ಬಂದುಹೋಗುವ ಬೋಧಕರಲ್ಲಿ ಯಾರನ್ನು ನಂಬಬೇಕೆಂದು ಬುದ್ಧನನ್ನು ಕೇಳಿದ ಪ್ರಸಂಗ ಅಂಗುತ್ತರ ನಿಕಾಯದಲ್ಲಿದೆ. ಪರಂಪರೆಯಿಂದ ಬಂದದ್ದೆಂದಾಗಲಿ, ಗ್ರಂಥದಲ್ಲಿದೆಯೆಂದಾಗಲಿ, ಹೇಳಿದವನು ನಮ್ಮ ಗುರುವೆಂದಾಗಲಿ ಒಪ್ಪಬೇಡಿ ಎಂದು ಬುದ್ಧ ಉತ್ತರಿಸುತ್ತಾನೆ. ಹಾಗೆಂದು ತೋಚಿದ್ದನ್ನೇ ನಂಬಿ ಎನ್ನುವುದಿಲ್ಲ. ಅದು ಕೇಡು ತರುತ್ತದೆಯೇ, ತಿಳಿದವರು ಅದನ್ನು ಹಳಿಯುತ್ತಾರೆಯೇ ಎಂದು ನೀವೇ ಪರೀಕ್ಷಿಸಿ ಎನ್ನುತ್ತಾನೆ. ತಿಳಿದವರ ಮಾತಿಗೆ ಇಲ್ಲಿ ಬೆಲೆಯುಂಟು. ಅದೇ ಕೊನೆಯ ಮಾತಲ್ಲ, ಅಷ್ಟೆ.

ಇದನ್ನು ಬದುಕಿನಲ್ಲಿ ಪರೀಕ್ಷಿಸಿದವರು ಕೋಲಾರದ ಚಿನ್ನದ ಗಣಿಯೂರಿನಲ್ಲಿ, ಆಂಡರ್ಸನ್‌ಪೇಟೆಯ ಆಸುಪಾಸಿನ ಚಾಂಪಿಯನ್ ರೀಫ್ಸ್ ಮತ್ತು ಮಾರಿಕುಪ್ಪಂನ ಕಾರ್ಮಿಕರು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟ ಮೇಲೆ ಇಲ್ಲಿಗೆ ದುಡಿಯಲು ಬಂದವರಲ್ಲಿ ತಮಿಳು ಮಾತಾಡುವ ದಲಿತರು ಬಹಳ. ವಿದ್ಯೆಯ ಮರದ ನೆರಳಿಗೂ ಅವರನ್ನು ಸೇರಿಸಿಕೊಂಡವರಿರಲಿಲ್ಲ. ಸಿದ್ಧ ವೈದ್ಯ ಅಯೋಧ್ಯಾದಾಸ ಪಂಡಿತರು 1898ರಲ್ಲಿ ಬೌದ್ಧಧರ್ಮ ಸ್ವೀಕರಿಸಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಅವರು ಆರಂಭಿಸಿದ ವಾರಪತ್ರಿಕೆಯ ಹೆಸರಿನಲ್ಲೇ ಅದರ ಬೆಲೆಯೂ ಇತ್ತು: ‘ಒರು ಪೈಸಾ ತಮಿಳನ್’. ಮುಂದೆ ಅದು ‘ತಮಿಳನ್’ ಆಯಿತು. ಓದುಗರು ಪ್ರಶ್ನೆ ಕಳಿಸುತ್ತಿದ್ದರು, ಪಂಡಿತರು ಉತ್ತರಿಸುತ್ತಿದ್ದರು. ಗಣಿಯೂರಿನಲ್ಲಿ ಸಂಘದ ಶಾಖೆ ಹುಟ್ಟಿತು. ರಂಗೂನಿನಲ್ಲೂ, ದಕ್ಷಿಣ ಆಫ್ರಿಕಾದಲ್ಲೂ ಹುಟ್ಟಿತು. ಗಣಿ, ಬಂದರು, ತೋಟಗಳಿಗೆ ದುಡಿಮೆ ಅರಸಿ ಜನ ಹೋದ ದಾರಿಯಲ್ಲೇ ಧಮ್ಮವೂ ಹೋಯಿತು.

ಚಳವಳಿಯೊಳಗೆ ಒಂದೇ ದನಿಯೂ ಇರಲಿಲ್ಲ. ಪಂಡಿತರು ತಮಿಳಿನ ಹಳೆಯ ಸಾಹಿತ್ಯವನ್ನೂ ಜನರ ಹಬ್ಬಗಳನ್ನೂ ಬೌದ್ಧ ಕಣ್ಣಿನಿಂದ ಓದಿ ಮರಳಿ ಪಡೆಯಲು ಹೊರಟರು. ‘ದಿ ಎಸೆನ್ಸ್ ಆಫ್ ಬುದ್ಧಿಸಂ’ ಬರೆದ ವಿಜ್ಞಾನದ ಪ್ರಾಧ್ಯಾಪಕ ಪಿ. ಲಕ್ಷ್ಮೀನರಸು ವಿಚಾರವಾದದ ಬೌದ್ಧಧರ್ಮವನ್ನು ಮುಂದಿಟ್ಟರು.

1914ರಲ್ಲಿ ಪಂಡಿತರು ತೀರಿಕೊಂಡರು. ಪತ್ರಿಕೆ ಸ್ವಲ್ಪ ಕಾಲ ನಡೆದು ನಿಂತಿತು. ವ್ಯಕ್ತಿಯೊಬ್ಬರ ಪಾಂಡಿತ್ಯಕ್ಕೆ ಜೋತುಬಿದ್ದ ಕಲಿಕೆ ಅಲ್ಲಿಗೇ ಒಣಗಬೇಕಿತ್ತು. ಆದರೆ 1926ರಲ್ಲಿ ಜಿ. ಅಪ್ಪಾದುರೈ ‘ತಮಿಳನ್’ ಪತ್ರಿಕೆಯನ್ನು ಚಿನ್ನದ ಗಣಿಯೂರಿನಿಂದಲೇ ಮತ್ತೆ ಹೊರಡಿಸಿದರು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕಾಲಯ ಪಂಡಿತರ ಬರಹಗಳನ್ನು ಅಚ್ಚುಹಾಕಿತು. ನಿನ್ನೆಯ ಓದುಗರು ಇಂದಿನ ಪ್ರಕಾಶಕರಾದರು. ಮುರಿದಲ್ಲೇ ಚಿಗುರುವುದು ಎಂದರೆ ಇದೇ.

ಇಲ್ಲಿ ಗುರು ಇದ್ದರು, ಪ್ರೀತಿಯೂ ಗೌರವವೂ ಪಡೆದ ಗುರು. ಬಾಗಿಲು ಕಾಯುವ ಅಧಿಕಾರ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಇನ್ನೊಂದು ಮಾತು: ಗೆಡ್ಡೆಗೂ ಮಣ್ಣು ಬೇಕು. ಅಗ್ಗದ ಪತ್ರಿಕೆ, ತಾಯ್ನುಡಿ, ಅಚ್ಚುಕೂಟ, ವಾರವಾರವೂ ಒಟ್ಟು ಸೇರುವ ಜನ ಇಲ್ಲದಿದ್ದರೆ ಈ ಹಬ್ಬುವಿಕೆ ನಡೆಯುತ್ತಿರಲಿಲ್ಲ. ‘ರೈಜೋ14’ ಕುರಿತು 2015ರಲ್ಲಿ ಬರೆದ ಜೆನ್ನಿ ಮ್ಯಾಕ್‌ನೆಸ್ ಮತ್ತು ಫ್ರಾನ್ಸಿಸ್ ಬೆಲ್ ಅದರ ಬೆಳಕಿನ ಜೊತೆ ನೆರಳನ್ನೂ ತೋರಿಸಿದರು. ಹಲವರಿಗೆ ಹಿಗ್ಗು ತಂದ ಕೋರ್ಸು ಕೆಲವರನ್ನು ಒಂಟಿಯಾಗಿಸಿತ್ತು. ಕೇಂದ್ರವಿಲ್ಲದ ಕಡೆಯೂ ಗಟ್ಟಿದನಿಯವರು ಮುಂದಾಗುತ್ತಾರೆ, ಹಿಂಜರಿಯುವವರು ಹಿಂದೆ ಉಳಿಯುತ್ತಾರೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಈಗ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದುಡಿಯುವವರು ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಾರೆ. 2017ರಲ್ಲಿ ಕೇಂದ್ರ ಸರ್ಕಾರ ತೆರೆದ ‘ಸ್ವಯಂ’ ಕೋರ್ಸುಗಳು ಅವರ ಮೊಬೈಲಿಗೂ ಸಿಗುತ್ತವೆ. ಇಂಥ ಕೋರ್ಸುಗಳ ಯಶಸ್ಸನ್ನು ಎಷ್ಟು ಜನ ನೋಂದಾಯಿಸಿದರು, ಎಷ್ಟು ಜನ ಪರೀಕ್ಷೆ ಬರೆದರು ಎಂದು ಅಳೆಯುವುದು ರೂಢಿ. ಬೋಧಕ ಹೊರಟುಹೋದ ಮೇಲೂ ಕಲಿತವರು ಒಬ್ಬರನ್ನೊಬ್ಬರು ಹುಡುಕಿಕೊಂಡು, ತಮ್ಮ ನುಡಿಯಲ್ಲಿ ಪ್ರಶ್ನೆ ಕೇಳಿಕೊಂಡು, ಆ ಕೆಲಸವನ್ನು ತಾವೇ ಮುಂದುವರಿಸಿದರೇ ಎಂಬುದನ್ನೂ ಅಳೆಯಬೇಕು. ಚಾಂಪಿಯನ್ ರೀಫ್ಸ್‌ನ ಕಾರ್ಮಿಕರು ಗೆದ್ದದ್ದು ಆ ಪರೀಕ್ಷೆಯಲ್ಲಿ.