ಆ ಯಂತ್ರವೇ ಈ ಯಂತ್ರ

ಕಲಘಟಗಿಯ ತೊಟ್ಟಿಲನ್ನು ಒಮ್ಮೆ ಕಂಡವರು ಬೇಗ ಮರೆಯಲಾರರು. ಚಿತ್ರಗಾರ ಮನೆತನದವರು ಸಾಗುವಾನಿಯಲ್ಲಿ ಕಡೆದು, ಅರಗಿನ ಬಣ್ಣದಿಂದ ರಾಮಾಯಣ ಭಾಗವತಗಳ ಪ್ರಸಂಗಗಳನ್ನು ಬರೆದು ಅಣಿಗೊಳಿಸುವ ಈ ತೊಟ್ಟಿಲು, ಧಾರವಾಡ ಸೀಮೆಯ ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಸ್ವತ್ತು. ಹಗ್ಗ ಸವೆದರೆ ಹೊಸ ಹಗ್ಗ, ಕಾಲು ಸಡಿಲಿದರೆ ಹೊಸ ಕಾಲು. ಒಳಗೆ ಮಲಗುವ ಕೂಸಂತೂ ಪ್ರತಿಸಲವೂ ಹೊಸದೇ. ಆದರೂ ಮನೆಯ ಹಿರಿಯಳು "ನನ್ನ ತೂಗಿದ್ದೂ ಇದ ತೊಟ್ಟಿಲಾ ನೋಡವ್ವಾ" ಎನ್ನುವಳು. ಆ ಮಾತನ್ನು ಸುಳ್ಳೆನ್ನುವ ಧೈರ್ಯ ಯಾವ ತಾರ್ಕಿಕನಿಗೂ ಬಾರದು.

ಅದೇ ಊರಿನ ಸ್ನೇಹಿತರೊಬ್ಬರ ಪಡಸಾಲೆಯಲ್ಲಿ, ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾದ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದನ್ನು ಬಿಚ್ಚಿ ಹರಡಿದ್ದುದನ್ನು ಕಂಡಾಗ ನನಗೆ ಈ ತೊಟ್ಟಿಲೇ ನೆನಪಾಯಿತು. 1952ರಲ್ಲಿ ಅಮೆರಿಕೆಯ ಎಂ.ಐ.ಟಿ.ಯಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಮೊದಲು ತೋರಿಸಿದಾಗ, ಅದರ ನಿಯಂತ್ರಕವು ಯಂತ್ರಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿತ್ತು. ಮೂರು ದಶಕಗಳು ಕಳೆಯುವಷ್ಟರಲ್ಲಿ ಆಸ್ಟ್ರಿಯದ ಎಂಕೋ, ಇಂಗ್ಲೆಂಡಿನ ಡೆನ್‌ಫರ್ಡ್ ಮೊದಲಾದವರು ವಿದ್ಯಾರ್ಥಿಗಳ ಕೈಗೆ ಒಗ್ಗುವ ಪುಟ್ಟ ಯಂತ್ರಗಳನ್ನು ಮಾಡತೊಡಗಿದ್ದರು. ಈಗ ಅಂಥವುಗಳ ಬುದ್ಧಿಭಾಗವಾದ ನಿಯಂತ್ರಕವು ಮುಪ್ಪಾಗಿದೆ: ಕೆಪಾಸಿಟರುಗಳು ಒಣಗಿವೆ, ಸರ್ಕ್ಯೂಟುಗಳಿಗೆ ಬಿಡಿಭಾಗ ದೊರೆಯದು. ಹವ್ಯಾಸಿಗಳು ಆ ಪೆಟ್ಟಿಗೆಯನ್ನು ಕಿತ್ತು, ಹೊಸ ಡ್ರೈವರುಗಳನ್ನೂ ಸ್ಟೆಪ್ಪರ್ ಮೋಟಾರುಗಳನ್ನೂ ಜೋಡಿಸಿ, ಉಚಿತವಾಗಿ ದೊರೆಯುವ ಲಿನಕ್ಸ್‌ಸಿಎನ್‌ಸಿಯಂಥ ತಂತ್ರಾಂಶದಿಂದ ಅದನ್ನು ಮರಳಿ ನಡೆಸುವರು. ಹಾಗಾದರೆ ಹೀಗೆ ಎದ್ದುನಿಂತದ್ದು ಹಳೆಯ ಯಂತ್ರವೋ, ಅದರ ಹೆಸರಿನಲ್ಲಿ ಬಂದ ಬೇರೊಂದೋ?

ಪ್ರಶ್ನೆ ಪುರಾತನವಾದುದು. ಬೌದ್ಧರ ಸಂವಾದವೊಂದರಲ್ಲಿ ಮಿಲಿಂದ ರಾಜನಿಗೆ ನಾಗಸೇನ ಭಿಕ್ಷುವು ರಥವನ್ನೇ ತೋರಿಸಿ, ಗಾಲಿ ಅಚ್ಚು ನೊಗಗಳಲ್ಲಿ ಯಾವುದು ರಥವೆಂದು ಕೇಳಿ, ಬಿಡಿಬಿಡಿಯಾಗಿ ಯಾವುದೂ ರಥವಲ್ಲ, ರಥವೆಂಬುದು ವ್ಯವಹಾರದ ಹೆಸರು ಮಾತ್ರವೆಂದು ಒಪ್ಪಿಸಿದನು. ಅದ್ವೈತಿಗಳ ದಾರಿ ಬೇರೆ. ‘ಆ ದೇವದತ್ತನೇ ಈತ’ ಎಂಬಲ್ಲಿ ಅಂದಿನ ದೇಶಕಾಲಗಳನ್ನೂ ಇಂದಿನ ದೇಶಕಾಲಗಳನ್ನೂ ತ್ಯಜಿಸಿ ವ್ಯಕ್ತಿಯೊಬ್ಬನನ್ನೇ ಉಳಿಸಿಕೊಳ್ಳುವ ಭಾಗತ್ಯಾಗ ಲಕ್ಷಣೆಯನ್ನು ಅವರು ಹೇಳಿದರು. ಹವ್ಯಾಸಿಯು ಸ್ಪ್ಯಾನರು ಹಿಡಿದು ಮಾಡುವುದೂ ಒಂದು ಬಗೆಯ ಭಾಗತ್ಯಾಗವೇ. ಯಾವುದನ್ನು ಬಿಡತಕ್ಕುದು, ಯಾವುದನ್ನು ಉಳಿಸತಕ್ಕುದು ಎಂಬ ವಿವೇಕದಲ್ಲಿಯೇ ಅವನ ಪಾಂಡಿತ್ಯವಿರುವುದು.

ಇಲ್ಲೊಂದು ವೈಪರೀತ್ಯವಿದೆ. ದೇಹವು ಜೀರ್ಣವಸ್ತ್ರ, ಒಳಗಿರುವುದು ನಿತ್ಯ ಎಂಬುದು ನಾವು ಕೇಳಿ ಬೆಳೆದ ಮಾತು. ಯಂತ್ರದಲ್ಲಿಯಾದರೋ ದೇಹವೇ ಚಿರಂಜೀವಿ, ಬುದ್ಧಿಯೇ ಬಟ್ಟೆ. ಎರಕದ ಕಬ್ಬಿಣದ ಹಾಸು ಕಾಲ ಕಳೆದಂತೆ ತನ್ನೊಳಗಿನ ಬಿಗುವನ್ನು ಕಳೆದುಕೊಂಡು ಸ್ಥಿರಗೊಳ್ಳುವುದೆಂದು ಬಲ್ಲ ಹಿಂದಿನ ಕುಶಲಿಗಳು, ಎರಕವನ್ನು ತಿಂಗಳುಗಟ್ಟಲೆ ಬಿಸಿಲುಮಳೆಗೆ ಬಿಟ್ಟು ಆಮೇಲೆ ಕೊರೆಯುತ್ತಿದ್ದರು.

ಆದೊಡೆ ಕಬ್ಬಿಣವೇ ಆತ್ಮವೆನ್ನಲೂ ನನಗೆ ಮನಸ್ಸಾಗಲಿಲ್ಲ. ಸೂಕ್ಷ್ಮ ಸರಿತವನ್ನೂ ಮುಳ್ಳಿನಿಂದ ತೋರುವ ಸ್ನೇಹಿತರ ಡಯಲ್ ಗೇಜು ಅದಕ್ಕೆ ಅಡ್ಡ ಬಂದಿತು. ಅವರು ಜೋಡಿಸಿದ್ದ ಹೊಸ ಮೋಟಾರು ಸುತ್ತೊಂದಕ್ಕೆ 200 ಹೆಜ್ಜೆ ಇಡುವುದು. ಯಂತ್ರದ ಮೇಜನ್ನು ಸರಿಸುವ ತಿರುಪಿನ ಪಿಚ್ಚು 5 ಮಿಲಿಮೀಟರಾದುದರಿಂದ ಹೆಜ್ಜೆಯೊಂದಕ್ಕೆ 0.025 ಮಿಲಿಮೀಟರು. ಮೇಜನ್ನು 1 ಮಿಲಿಮೀಟರು ಬಲಕ್ಕೆ ಸರಿಸಿ, ಅಷ್ಟೇ ಎಡಕ್ಕೆ ತಂದರು. ಮೋಟಾರು ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ಮುಳ್ಳು ಮಾತ್ರ ಸೊನ್ನೆಗೆ ಬರದೆ 0.12ರಲ್ಲಿ ನಿಂತಿತು. ತಿರುಪಿಗೂ ನಟ್ಟಿಗೂ ನಡುವಣ ಸಡಿಲು ಅದು. ದಿಕ್ಕು ತಿರುಗಿದಾಗಲೆಲ್ಲ ನಾಲ್ಕೈದು ಹೆಜ್ಜೆ ಹೆಚ್ಚಿಡೆಂದು ತಂತ್ರಾಂಶಕ್ಕೆ ಹೇಳಿದರೆ ಮುಳ್ಳು ಸೊನ್ನೆಗೆ ಬರುವುದು, ದಿಟ. ಆದರೆ ಕಟ್ಟರು ಲೋಹವನ್ನು ಕಚ್ಚಿ ಎಳೆದ ಕ್ಷಣ ಮೇಜು ಆ ಸಡಿಲಿನೊಳಗೆ ಜಾರುವುದು. ದೋಷವನ್ನು ಉಳಿಸಿಕೊಂಡೇ ಪ್ರಾಯಶ್ಚಿತ್ತವನ್ನು ಮಾಡಿಕೊಳ್ಳುವವನ ಗತಿಯೂ ಇದೇ ಅಲ್ಲವೆ?

ಧರಿಸುವುದು ಧರ್ಮ ಎಂದರು ಹಿರಿಯರು. ಈ ಯಂತ್ರವನ್ನು ಯಂತ್ರವಾಗಿ ಧರಿಸಿರುವುದು ಕಬ್ಬಿಣವೂ ಅಲ್ಲ, ಮೋಟಾರೂ ಅಲ್ಲ. ಮೂರು ಅಕ್ಷಗಳು ಒಂದಕ್ಕೊಂದು ಲಂಬವಾಗಿರುವುದು, ಬಿಟ್ಟುಹೋದ ಬಿಂದುವಿಗೆ ತಪ್ಪದೆ ಮರಳುವುದು, ಈ ಎರಡು. ಇವನ್ನು ಕಾಯುವ ಬದಲಾವಣೆ ಎಷ್ಟಾದರೂ ಆ ಯಂತ್ರವೇ ಈ ಯಂತ್ರ. ಇವು ಹೋದವೋ, ಒಂದು ತಿರುಪೂ ಬದಲಾಗದ ಯಂತ್ರವೂ ಹೆಸರಿಗೆ ಮಾತ್ರ ಯಂತ್ರ. ತೊಟ್ಟಿಲೂ ಹಾಗೆಯೇ: ಕೂಸನ್ನು ಬೀಳಗೊಡದೆ ತೂಗುವವರೆಗೆ ಅದು ಅಜ್ಜಿಯ ತೊಟ್ಟಿಲು.

ಆದುದರಿಂದ ಹಳೆಯ ಯಂತ್ರಕ್ಕೆ ಹೊಸ ಬುದ್ಧಿಯನ್ನು ಕೊಡಹೊರಟ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಿಯಂತ್ರಕಕ್ಕೆ ಹಣ ತೆರುವ ಮೊದಲು ಮೇಜಿಗೆ ಡಯಲ್ ಗೇಜನ್ನು ತಾಗಿಸಿ ನೋಡಿರಿ. ನನ್ನ ಸ್ನೇಹಿತರು ನಟ್ಟನ್ನು ಬದಲಿಸಿದರು.